ಗಾಳಿ ಮೊದಲು, ಪೆಟ್ರೋಲ್ ಆಮೇಲೆ

1970ರ ಕ್ಯಾಡಿಲಾಕ್ ಎಲ್ಡೊರಾಡೊ ಕಾರಿನ ಬಾನೆಟ್ ಎತ್ತಿದರೆ ಕಾಣುವುದು 500 ಘನ ಇಂಚಿನ, ಅಂದರೆ 8.2 ಲೀಟರಿನ ವಿ-8 ಎಂಜಿನ್. ಅದರ ಎಂಟು ಸಿಲಿಂಡರುಗಳಲ್ಲಿ ಒಂದೊಂದೂ ಒಂದು ಲೀಟರಿಗಿಂತ ತುಸು ದೊಡ್ಡದು. ನಮ್ಮ ಮಾರುತಿ 800ರ ಇಡೀ ಎಂಜಿನ್ನೇ 796 ಸಿಸಿ ಎಂಬುದನ್ನು ನೆನೆದರೆ ಈ ಗಾತ್ರದ ಅಂದಾಜು ಸಿಗುತ್ತದೆ. ಆ ವರ್ಷ ತಯಾರಕರು ಅದಕ್ಕೆ ನಮೂದಿಸಿದ್ದು 400 ಅಶ್ವಶಕ್ತಿ. ಎರಡು ಟನ್ನಿಗೂ ಮಿಕ್ಕಿದ ಕಾರನ್ನು ಸದ್ದಿಲ್ಲದೆ ಎಳೆದೊಯ್ಯಲೆಂದೇ ರೂಪುಗೊಂಡ ಎಂಜಿನ್ ಅದು. ಅಂಥದ್ದು, ಹಸಿರು ದೀಪ ಬಿದ್ದು ಆಕ್ಸಿಲರೇಟರ್ ತುಳಿದಾಗ ಅರೆಕ್ಷಣ ನಿಂತುಬಿಡುತ್ತದೆ. ಆಮೇಲೆ ಒಮ್ಮೆ ಮುಗ್ಗರಿಸಿ, ಕೆಲವೊಮ್ಮೆ ಕಾರ್ಬ್ಯುರೇಟರಿನ ಬಾಯಿಂದ ‘ಫಟ್’ ಎಂದು ಕೆಮ್ಮಿ, ಮತ್ತೆ ಏನೂ ಆಗದ ಹಾಗೆ ಮುನ್ನುಗ್ಗುತ್ತದೆ.

ಗ್ಯಾರೇಜುಗಳಲ್ಲಿ ‘ಪಿಕಪ್ ಇಲ್ಲ’, ‘ತುಳಿದರೆ ಎತ್ತೋದಿಲ್ಲ’ ಎನ್ನುವುದು ಇದಕ್ಕೇ. ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಈ ಒಂದು ದೋಷದ ಬೆನ್ನುಹತ್ತಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ ಬದಲಾಯಿಸುತ್ತಾರೆ, ಕಿಟ್ ಹಾಕಿಸುತ್ತಾರೆ, ಕೊನೆಗೆ ಇನ್ನೂ ದೊಡ್ಡ ಕಾರ್ಬ್ಯುರೇಟರನ್ನೇ ತರಿಸುತ್ತಾರೆ. ತಡವರಿಕೆ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಎಂಜಿನ್ನಿಗೆ ಹೊರಟ ಗಾಳಿಗೂ ಅದರ ಜೊತೆ ಹೋಗಬೇಕಾದ ಪೆಟ್ರೋಲಿಗೂ ನಡುವೆ ಬಿದ್ದ ಸಮಯದ ಅಂತರವೇ ತಡವರಿಕೆ. ಆ ಅಂತರ ಬೀಳುವುದು ಪೆಡಲು ಮೊದಲು ಅಲುಗಿದಾಗಲೋ, ಅರ್ಧ ಇಳಿದಾಗಲೋ, ನೆಲ ಮುಟ್ಟುವಂತೆ ತುಳಿದಾಗಲೋ? ಎಂಜಿನ್ ತಣ್ಣಗಿದ್ದಾಗಲೋ, ಕಾದಾಗಲೋ? ಇಷ್ಟನ್ನು ತಾಳ್ಮೆಯಿಂದ ಗಮನಿಸಿದವರಿಗೆ ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಮೊದಲು ಅಂತರ ಏಕೆ ಬೀಳುತ್ತದೆ ಎಂಬುದನ್ನು ನೋಡೋಣ. ಪೆಡಲು ಮುಟ್ಟದೆ ಎಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅದರ ಕೆಳಗೆ ಪಿಸ್ಟನ್ನುಗಳು ಗಾಳಿಯನ್ನು ಹೀರುತ್ತಲೇ ಇರುತ್ತವೆ. ಹಾಗಾಗಿ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಹೋಗುವ ಗಾಳಿದಾರಿಯೊಳಗೆ ಪಾದರಸದ 18 ಇಂಚಿನಷ್ಟು ನಿರ್ವಾತ ಉಂಟಾಗುತ್ತದೆ. ಅಲ್ಲಿ ಉಳಿಯುವ ಒತ್ತಡ ಹೊರಗಿನದರ ಸುಮಾರು ಶೇ 40 ಮಾತ್ರ. ಒತ್ತಡ ಇಳಿದಲ್ಲಿ ದ್ರವ ಸುಲಭವಾಗಿ ಆವಿಯಾಗುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಏರಿದಾಗ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದಲ್ಲ, ಅದರ ತದ್ವಿರುದ್ಧ ಸ್ಥಿತಿ ಇದು. ಮ್ಯಾನಿಫೋಲ್ಡಿಗೆ ಬಂದ ಪೆಟ್ರೋಲಿನ ಬಹುಪಾಲು ಆವಿಯಾಗಿ ಗಾಳಿಯೊಡನೆ ಸೇರಿ ಹೋಗುತ್ತದೆ.

ಈಗ ಪೆಡಲನ್ನು ಒಮ್ಮೆಲೇ ತುಳಿಯಿರಿ. ತಟ್ಟೆ ತೆರೆಯುತ್ತದೆ, ಹೊರಗಿನ ಗಾಳಿ ನುಗ್ಗುತ್ತದೆ, ಮ್ಯಾನಿಫೋಲ್ಡಿನ ಒತ್ತಡ ಕಣ್ಣುಮುಚ್ಚಿ ತೆರೆಯುವುದರೊಳಗೆ ಹೊರಗಿನ ಮಟ್ಟಕ್ಕೆ ಏರುತ್ತದೆ. ಒತ್ತಡ ಏರಿದ್ದೇ ತಡ, ಆವಿಯಾಗಿದ್ದ ಪೆಟ್ರೋಲಿನ ಒಂದು ಪಾಲು ಮತ್ತೆ ದ್ರವವಾಗಿ ಮ್ಯಾನಿಫೋಲ್ಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅದೇ ಹೊತ್ತಿಗೆ ಕಾರ್ಬ್ಯುರೇಟರಿನ ಮುಖ್ಯ ನಳಿಗೆಯಿಂದ ಹೊರಡಬೇಕಾದ ಹೊಸ ಪೆಟ್ರೋಲ್ ಇನ್ನೂ ಹೊರಟಿರುವುದಿಲ್ಲ. ಗಾಳಿಗಿಂತ ಪೆಟ್ರೋಲ್ ಸುಮಾರು 600 ಪಟ್ಟು ಸಾಂದ್ರ. ಗಾಳಿ ಥಟ್ಟನೆ ವೇಗ ಪಡೆಯುತ್ತದೆ, ಪೆಟ್ರೋಲ್ ತನ್ನ ಜಡತ್ವ ಮೀರಿ ಹೊರಡಲು ಹೊತ್ತು ತೆಗೆದುಕೊಳ್ಳುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಪೂರ್ಣ ಶಕ್ತಿ ಬೇಕಾದಾಗ 12.5ರಿಂದ 13 ಪಾಲು. ಆದರೆ ತುಳಿದ ಗಳಿಗೆಯಲ್ಲಿ ಮಿಶ್ರಣ ಎಷ್ಟು ತೆಳುವಾಗುತ್ತದೆ ಎಂದರೆ ಕೆಲವು ಸಿಲಿಂಡರುಗಳಲ್ಲಿ ಅದು ಹೊತ್ತಿಕೊಳ್ಳುವುದೇ ಇಲ್ಲ. ಹೊತ್ತಿಕೊಂಡಲ್ಲೂ ಎಷ್ಟು ನಿಧಾನವಾಗಿ ಉರಿಯುತ್ತದೆಂದರೆ, ಮತ್ತೆ ಇನ್‌ಟೇಕ್ ವಾಲ್ವ್ ತೆರೆಯುವಾಗಲೂ ಜ್ವಾಲೆ ಆರಿರುವುದಿಲ್ಲ. ಕಾರ್ಬ್ಯುರೇಟರಿನ ಬಾಯಿಂದ ಬರುವ ಕೆಮ್ಮು ಇದೇ.

ಗೋಡೆಗೆ ಅಂಟುವ ಈ ಪೆಟ್ರೋಲ್ ಪೊರೆಯನ್ನು ಲೆಕ್ಕಕ್ಕೆ ತಂದದ್ದು ಕಾರ್ಬ್ಯುರೇಟರಿನ ಕಾಲ ಮುಗಿಯುತ್ತ ಬಂದಾಗ. 1981ರಲ್ಲಿ ಫೋರ್ಡ್ ಕಂಪನಿಯ ಸಿ. ಎಫ್. ಅಕ್ವಿನೊ ಎಂಬ ಎಂಜಿನಿಯರ್ 5 ಲೀಟರಿನ ಇಂಜೆಕ್ಷನ್ ಎಂಜಿನ್ ಒಂದರ ಮೇಲಿನ ಕೆಲಸವನ್ನು ಪ್ರಕಟಿಸಿದರು. ಬಂದ ಪೆಟ್ರೋಲಿನಲ್ಲಿ ಇಂತಿಷ್ಟು ಭಾಗ ಗೋಡೆಗೆ ಬಡಿಯುತ್ತದೆ, ಗೋಡೆಯಲ್ಲಿರುವುದು ಇಂತಿಷ್ಟು ಸಮಯದಲ್ಲಿ ಆವಿಯಾಗಿ ಹೊರಡುತ್ತದೆ ಎಂಬ ಎರಡೇ ಅಂಕಿಗಳಲ್ಲಿ ಇಡೀ ಗೊಂದಲವನ್ನು ಅವರು ಹಿಡಿದಿಟ್ಟರು. ಇಂಜೆಕ್ಷನ್ ಕಾರುಗಳ ಕಂಪ್ಯೂಟರುಗಳು ಪೆಡಲು ತುಳಿದಾಗ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸುರಿಯಬೇಕೆಂದು ತೀರ್ಮಾನಿಸಲು ಇಂಥ ಲೆಕ್ಕವನ್ನೇ ಆಧರಿಸುತ್ತ ಬಂದಿವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದೇ ಕೆಲಸವನ್ನು ಒಂದು ರಬ್ಬರ್ ಬಟ್ಟಲು, ಒಂದು ಸ್ಪ್ರಿಂಗು, ಒಂದು ಗುಂಡು ಸೇರಿ ಮಾಡುತ್ತಿದ್ದವು ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

ಎಂಜಿನ್ ದೊಡ್ಡದಾದಷ್ಟೂ ತೊಂದರೆ ದೊಡ್ಡದು. ಮ್ಯಾನಿಫೋಲ್ಡಿನ ದಾರಿಗಳು ಅಗಲ, ಗೋಡೆಯ ವಿಸ್ತಾರ ಹೆಚ್ಚು, ಕಡಿಮೆ ವೇಗದಲ್ಲಿ ಅವುಗಳೊಳಗೆ ಗಾಳಿಯ ಓಟ ಮಂದ. ಕಾರ್ಬ್ಯುರೇಟರ್ ದುಡಿಯುವುದೇ ಗಾಳಿಯ ಓಟದಿಂದ. ಕಿರಿದಾದ ಕಂಠದಲ್ಲಿ ಗಾಳಿ ವೇಗವಾಗಿ ಹಾದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಆ ಇಳಿಕೆ ಪೆಟ್ರೋಲನ್ನು ಮೇಲಕ್ಕೆಳೆಯುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲಿ ಬರೆದ, ವೆಂಚುರಿ 1797ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ ತತ್ವವನ್ನು 1893ರಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಪೆಟ್ರೋಲ್ ಸಿಂಪಡಿಸಲು ಬಳಸಿಕೊಂಡರು. ಆದರೆ ಈ ಎಳೆತ ಗಾಳಿಯ ವೇಗದ ವರ್ಗಕ್ಕೆ ಅನುಗುಣ. ಗಾಳಿಯ ಹರಿವು ಕಾಲು ಭಾಗಕ್ಕೆ ಇಳಿದರೆ ಎಳೆತ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ದೊಡ್ಡ ಎಂಜಿನ್ನಿಗೆ ಇನ್ನೂ ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ತಡವರಿಕೆ ಹೋದೀತು ಎಂಬ ನಂಬಿಕೆ ತಲೆಕೆಳಗಾಗುವುದು ಇಲ್ಲೇ. 8.2 ಲೀಟರಿನ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಪೂರ್ತಿ ಗಾಳಿ ಹೀರುತ್ತದೆ. ನಿಮಿಷಕ್ಕೆ 4000 ಸುತ್ತಿನಲ್ಲಿ ಸಿಲಿಂಡರು ಶೇ 85ರಷ್ಟು ತುಂಬುತ್ತದೆಂದು ಹಿಡಿದರೆ, ನಿಮಿಷಕ್ಕೆ ಸುಮಾರು 14,000 ಲೀಟರ್ ಗಾಳಿ. ಆ ಕಾಲದಲ್ಲಿ ಸಾಮಾನ್ಯವಾಗಿದ್ದ ಕ್ವಾಡ್ರಾಜೆಟ್ ಎಂಬ ಕಾರ್ಬ್ಯುರೇಟರ್ ನಿಮಿಷಕ್ಕೆ 750 ಘನ ಅಡಿ, ಅಂದರೆ 21,000 ಲೀಟರಿನಷ್ಟು ಬಿಡಬಲ್ಲದು. ಬೇಕಾದದ್ದಕ್ಕಿಂತ ಅರ್ಧದಷ್ಟು ಹೆಚ್ಚಿಗೇ ಇದೆ. ಇನ್ನೂ ದೊಡ್ಡದು ತಂದರೆ ಕಡಿಮೆ ವೇಗದ ಎಳೆತ ಮತ್ತಷ್ಟು ಸೊರಗುತ್ತದೆಯೇ ಹೊರತು ಮೇಲಿನ ವೇಗದಲ್ಲಿ ಲಾಭವೇನೂ ಇಲ್ಲ.

ರಾಚೆಸ್ಟರ್ ಕ್ವಾಡ್ರಾಜೆಟ್ 1965ರಲ್ಲಿ ಬಂದು 1990ರವರೆಗೆ ಜನರಲ್ ಮೋಟರ್ಸಿನ ಕಾರುಗಳಲ್ಲಿ ಉಳಿಯಿತು. ಅದೇ ಕಂಪನಿಯ ಎಲ್ಡೊರಾಡೊ ಎಂಜಿನ್ನಿನ ಮೇಲೂ ಅದೇ ಕೂತಿದೆ. ನಾಲ್ಕು ಬಾಯಿಗಳಲ್ಲಿ ಮುಂದಿನ ಎರಡು ಚಿಕ್ಕವು, ಸುಮಾರು 35 ಮಿಲಿಮೀಟರ್. ಹಿಂದಿನ ಎರಡು ದೊಡ್ಡವು, 57 ಮಿಲಿಮೀಟರ್. ಊರೊಳಗಿನ ಓಡಾಟವೆಲ್ಲ ಚಿಕ್ಕ ಬಾಯಿಗಳಲ್ಲೇ ಮುಗಿಯುತ್ತದೆ, ಅಲ್ಲಿ ಗಾಳಿಯ ಓಟ ಚುರುಕಾಗಿರುತ್ತದೆ. ಪೆಡಲು ಆಳಕ್ಕೆ ಇಳಿದಾಗ ಮಾತ್ರ ಹಿಂದಿನವು ತೆರೆಯುತ್ತವೆ. ಈ ಕಾರ್ಬ್ಯುರೇಟರಿಗೆ ಸರಿಹೊಂದಿಸಲು ಬಾರದ್ದೆಂಬ ಕೆಟ್ಟ ಹೆಸರು ಅಂಟಿಕೊಂಡಿದೆ. ನನ್ನ ಮಟ್ಟಿಗೆ ಅದು ಅನ್ಯಾಯ. ಅದರ ಒಂದೊಂದು ದಾರಿಯನ್ನೂ ಬೇರೆ ಬೇರೆಯಾಗಿ ಅರಿತವರ ಕೈಯಲ್ಲಿ ಅದು ಅಚ್ಚುಕಟ್ಟಾಗಿ ನಡೆದುಕೊಳ್ಳುತ್ತದೆ.

ಪರೀಕ್ಷೆಗೆ ಬರೋಣ. ಹಳೆಯ ಮೆಕ್ಯಾನಿಕ್‌ಗಳಲ್ಲಿ ಒಂದು ಮಾತಿದೆ: ಕಾರ್ಬ್ಯುರೇಟರಿನ ಕಾಯಿಲೆಗಳಲ್ಲಿ ಹೆಚ್ಚಿನವು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಸಿಗುತ್ತವೆ. ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದರೂ ಕೆಲಸದ ಕ್ರಮ ಸರಿಯಾಗಿದೆ. ಕಿಡಿ ಸರಿಯಿಲ್ಲದ ಎಂಜಿನ್ನಿನಲ್ಲಿ ಪೆಟ್ರೋಲನ್ನು ಸರಿಪಡಿಸುವುದೆಂದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಅಂತರ ಮೊದಲು ನೋಡಬೇಕು. ಜನರಲ್ ಮೋಟರ್ಸಿನ ವಿ-8ಗಳಿಗೆ ಡ್ವೆಲ್, ಅಂದರೆ ಪಾಯಿಂಟುಗಳು ಮುಚ್ಚಿರುವ ಕೋನ, 30 ಡಿಗ್ರಿ ಇರಬೇಕು. ಆಮೇಲೆ ಟೈಮಿಂಗ್ ಲೈಟ್ ಹಿಡಿದು, ವೇಗ ಏರಿದಂತೆ ಕಿಡಿಯೂ ಮುಂದಕ್ಕೆ ಸರಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ತೂಕದ ಗುಂಡುಗಳು ಐವತ್ತು ವರ್ಷಗಳ ಜಿಡ್ಡಿನಲ್ಲಿ ಅಂಟಿಕೊಂಡಿದ್ದರೆ ಅದು ಸರಿಯುವುದಿಲ್ಲ.

ವ್ಯಾಕ್ಯೂಮ್ ಅಡ್ವಾನ್ಸ್ ಎಂಬ ಪುಟ್ಟ ತಟ್ಟೆ ಡಬ್ಬಿಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಹಗುರ ಹೊರೆಯಲ್ಲಿ ಸಿಲಿಂಡರಿನ ಮಿಶ್ರಣ ವಿರಳವಾಗಿದ್ದು ನಿಧಾನ ಉರಿಯುತ್ತದೆ, ಹಾಗಾಗಿ ಕಿಡಿ ಬೇಗ ಬೇಕು. ಆ ಕೆಲಸ ಇದರದ್ದು. ಇದರೊಳಗಿನ ರಬ್ಬರ್ ಪರದೆ ಹರಿದರೆ ಎರಡು ನಷ್ಟ: ಕಿಡಿ ಮುಂದಕ್ಕೆ ಬರುವುದಿಲ್ಲ, ಹರಿದ ಜಾಗದಿಂದ ಕಳ್ಳಗಾಳಿಯೂ ಒಳಗೆ ನುಗ್ಗುತ್ತದೆ. ಕೊಳವೆ ಬಿಚ್ಚಿ ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿದರೆ ಎಳೆತ ಉಳಿಯಬೇಕು; ಉಳಿಯದಿದ್ದರೆ ಡಬ್ಬಿ ಹೋಗಿದೆ. 1970ರ ಸುಮಾರಿಗೆ ಹೊಗೆ ಕಡಿಮೆ ಮಾಡಲೆಂದು ಜನರಲ್ ಮೋಟರ್ಸಿನ ಹಲವು ಕಾರುಗಳಲ್ಲಿ ಕೆಳ ಗೇರುಗಳಲ್ಲಿ ಈ ಅಡ್ವಾನ್ಸ್ ಸಿಗದಂತೆ ಒಂದು ವಿದ್ಯುತ್ ಕವಾಟ ಇಟ್ಟಿದ್ದರು. ಅದೇ ವರ್ಷದ ಕೊನೆಗೆ ಅಮೆರಿಕದ ಶುದ್ಧ ಗಾಳಿ ಕಾಯಿದೆಗೆ ತಿದ್ದುಪಡಿ ಬಂತು, ಮಿಶ್ರಣಗಳು ಇನ್ನೂ ತೆಳುವಾದವು. ಎಪ್ಪತ್ತರ ದಶಕದ ಕಾರುಗಳ ತಡವರಿಕೆಯಲ್ಲಿ ಒಂದಿಷ್ಟು ಕಾರ್ಖಾನೆಯಿಂದಲೇ ಬಂದದ್ದು, ಸವೆತದಿಂದ ಬಂದದ್ದಲ್ಲ.

ಟೈಮಿಂಗ್ ಚೈನಿನ ಸಡಿಲವನ್ನೂ ಆಗಲೇ ನೋಡಿಬಿಡುವುದು ಒಳ್ಳೆಯದು. ಆ ಕಾಲದ ಜನರಲ್ ಮೋಟರ್ಸಿನ ಹಲವು ವಿ-8ಗಳಲ್ಲಿ ಸದ್ದು ತಗ್ಗಿಸಲೆಂದು ಕ್ಯಾಮ್ ಚಕ್ರದ ಹಲ್ಲುಗಳಿಗೆ ನೈಲಾನ್ ಹೊದಿಸಿದ್ದರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಕೈಯಿಂದ ಒಂದು ದಿಕ್ಕಿಗೆ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸುವಾಗ ರೋಟರ್ ಅಲುಗುವ ಮೊದಲು ಎಷ್ಟು ಡಿಗ್ರಿ ಪೋಲಾಗುತ್ತದೆಂದು ಗಮನಿಸಿದರೆ ಸಾಕು. ಹತ್ತು ಡಿಗ್ರಿ ದಾಟಿದ್ದರೆ ಯಾವ ಕಾರ್ಬ್ಯುರೇಟರ್ ಟ್ಯೂನಿಂಗೂ ಆ ಎಂಜಿನ್ನನ್ನು ಚುರುಕು ಮಾಡಲಾರದು.

ಇನ್ನು ಕಳ್ಳಗಾಳಿ. ಐಷಾರಾಮಿ ಅಮೆರಿಕನ್ ಕಾರಿನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ಬರೀ ಎಂಜಿನ್ನಿನ ಸೊತ್ತಲ್ಲ. ಬ್ರೇಕ್ ಬೂಸ್ಟರ್ ಅದರಿಂದ ನಡೆಯುತ್ತದೆ, ಏಸಿಯ ಬಾಗಿಲುಗಳು ಅದರಿಂದ ಸರಿಯುತ್ತವೆ, ಗೇರ್ ಹಾಕಿದೊಡನೆ ಪಾರ್ಕಿಂಗ್ ಬ್ರೇಕ್ ತಾನಾಗಿ ಬಿಡುವುದೂ ಅದರಿಂದಲೇ. ಸೌಕರ್ಯ ಒಂದಕ್ಕೊಂದು ಕೊಳವೆ; ಪ್ರತಿ ಕೊಳವೆಗೂ ಐವತ್ತು ವರ್ಷ. ನಿರ್ವಾತದ ಗೇಜನ್ನು ಜೋಡಿಸಿ ನೋಡಿದರೆ ಸಮುದ್ರಮಟ್ಟದ ಊರಿನಲ್ಲಿ ಆರೋಗ್ಯವಂತ ಎಂಜಿನ್ 17ರಿಂದ 21 ಇಂಚು ತೋರಿಸುತ್ತದೆ, ಮುಳ್ಳು ನಡುಗುವುದಿಲ್ಲ. ಪ್ರತಿ 1000 ಅಡಿ ಎತ್ತರಕ್ಕೆ ಒಂದು ಇಂಚು ಕಳೆಯಬೇಕು. ಮುಳ್ಳು ಸ್ಥಿರವಾಗಿದ್ದೂ ಬಹಳ ಕೆಳಗೆ ನಿಂತಿದ್ದರೆ ಸೋರಿಕೆ ಇರಬಹುದು, ಇಲ್ಲವೇ ಕಿಡಿ ತಡವಾಗಿರಬಹುದು. ಕೊಳವೆಗಳನ್ನು ಒಂದೊಂದಾಗಿ ಚಿವುಟಿ ಹಿಡಿಯುತ್ತ ಹೋದರೆ ಸೋರುವ ಕೊಳವೆ ಸಿಕ್ಕಾಗ ಎಂಜಿನ್ನಿನ ಸದ್ದು ಥಟ್ಟನೆ ಬದಲಾಗುತ್ತದೆ. ಕಾರ್ಬ್ಯುರೇಟರಿನ ತಳದ ಗ್ಯಾಸ್ಕೆಟ್ ಇನ್ನೊಂದು ಮಾಮೂಲಿ ಜಾಗ.

ಇಷ್ಟಾದ ಮೇಲೆ ಕಾರ್ಬ್ಯುರೇಟರಿನ ಹತ್ತಿರ ಹೋಗಬಹುದು. ಮೊದಲನೆಯ ಪರೀಕ್ಷೆಗೆ ಸಲಕರಣೆಯೇ ಬೇಡ. ಎಂಜಿನ್ ಬಿಸಿಯಾದ ಮೇಲೆ ಚೋಕ್ ತಟ್ಟೆಯನ್ನು ಅರೆಮುಚ್ಚಿದ ಹಾಗೆ ಇರಿಸಿ ಕಾರು ಓಡಿಸಿ ನೋಡುವುದು. ಚೋಕ್ ಮುಚ್ಚಿದಷ್ಟೂ ಮಿಶ್ರಣ ಗಾಢವಾಗುತ್ತದೆ. ತಡವರಿಕೆ ಕಡಿಮೆಯಾದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದಾಯಿತು. ತಡವರಿಕೆ ಹೆಚ್ಚಾಗಿ, ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಆಗಲೇ ಮಿತಿಮೀರಿದೆ. ದಿಕ್ಕೇ ಗೊತ್ತಿಲ್ಲದೆ ಜೆಟ್ ಬದಲಾಯಿಸುವವರಿಗೆ ಈ ಸುಲಭದ ಪರೀಕ್ಷೆ ಏಕೆ ನೆನಪಾಗುವುದಿಲ್ಲವೋ ತಿಳಿಯದು.

ಎರಡನೆಯದಕ್ಕೆ ಎಂಜಿನ್ ಪೂರ್ತಿ ಆಫ್ ಆಗಿರಬೇಕು, ಹತ್ತಿರದಲ್ಲಿ ಕಿಡಿ, ಬೀಡಿ, ಸಿಗರೇಟು ಯಾವುದೂ ಇರಬಾರದು. ಏರ್ ಕ್ಲೀನರ್ ತೆಗೆದು, ಚೋಕ್ ತಟ್ಟೆಯನ್ನು ಬೆರಳಿನಿಂದ ತೆರೆದಿಟ್ಟು, ಟಾರ್ಚ್ ಬೆಳಕಿನಲ್ಲಿ ಮುಂದಿನ ಎರಡು ಬಾಯಿಗಳೊಳಗೆ ನೋಡುತ್ತ ಥ್ರಾಟಲ್ ಲಿವರನ್ನು ಕೈಯಿಂದ ಮೆಲ್ಲಗೆ ಎಳೆಯಬೇಕು. ಲಿವರ್ ಅಲುಗಿದ ಕ್ಷಣದಲ್ಲೇ ಎರಡೂ ಬಾಯಿಗಳಲ್ಲಿ ಪೆಟ್ರೋಲಿನ ಎರಡು ಗಟ್ಟಿ ಎಳೆಗಳು ಚಿಮ್ಮಬೇಕು. ಒಂದು ಎಳೆ ಮಾತ್ರ ಬಂದರೆ ಇನ್ನೊಂದರ ರಂಧ್ರ ಕಟ್ಟಿದೆ. ಎರಡೂ ಬಂದರೂ ಲಿವರ್ ಕಾಲು ದಾರಿ ಹೋದ ಮೇಲೆ ಬಂದರೆ ಈ ಎಳೆಗಳನ್ನು ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ಕಡ್ಡಿಯಲ್ಲಿ ಸಡಿಲವಿದೆ. ಎಳೆಯ ಬದಲು ಹನಿಹನಿಯಾಗಿ ಸೋರಿದರೆ ಪಂಪಿನ ಬಟ್ಟಲು ಸತ್ತಿದೆ, ಇಲ್ಲವೇ ಅದರ ದಾರಿಯಲ್ಲಿರುವ ಚೆಕ್ ಗುಂಡು ಕೂರುತ್ತಿಲ್ಲ. ಎಂಜಿನ್ ಓಡುವಾಗ ಅಥವಾ ಸ್ಟಾರ್ಟರ್ ತಿರುಗುವಾಗ ಮುಖವನ್ನು ಎಂದೂ ಅಲ್ಲಿಗೆ ಬಗ್ಗಿಸಬಾರದು. ಕಾರ್ಬ್ಯುರೇಟರ್ ಕೆಮ್ಮಿದರೆ ಹೊರಗೆ ಬರುವುದು ಬೆಂಕಿ.

ಈ ಪಂಪೇ ಆಗ ಹೇಳಿದ ರಬ್ಬರ್ ಬಟ್ಟಲು. ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ಪಕ್ಕದ ಬಾವಿಯೊಳಗೆ ಒಂದು ಪುಟ್ಟ ಪಿಸ್ಟನ್, ಅದರ ತುದಿಗೆ ಈ ರಬ್ಬರ್ ಬಟ್ಟಲು, ಬಟ್ಟಲಿನ ಅಂಚನ್ನು ಬಾವಿಯ ಗೋಡೆಗೆ ಒತ್ತಿಹಿಡಿಯುವ ತೆಳು ಸ್ಪ್ರಿಂಗು. ಪೆಡಲು ತುಳಿದಾಗ ಪಿಸ್ಟನ್ ಕೆಳಗಿಳಿದು ಗಾಳಿಯ ಓಟವನ್ನು ಕಾಯದೆ ಪೆಟ್ರೋಲನ್ನು ಹೊರಗೆ ತಳ್ಳುತ್ತದೆ. ಒಂದು ಹೊಡೆತಕ್ಕೆ ಬರುವುದು ಕೆಲವೇ ಘನ ಸೆಂಟಿಮೀಟರ್. ಹಾಲಿ ಎಂಬ ಕಂಪನಿಯವರ ಕಾರ್ಬ್ಯುರೇಟರುಗಳಲ್ಲಿ ಪಂಪನ್ನು ಹೆಸರಿಸುವುದೇ ಹತ್ತು ಹೊಡೆತಕ್ಕೆ 30 ಸಿಸಿ, 50 ಸಿಸಿ ಎಂದು. ಒಂದು ಚಮಚಕ್ಕೂ ಕಡಿಮೆ ಪೆಟ್ರೋಲ್ ಸರಿಯಾದ ಕಾಲು ಸೆಕೆಂಡಿನಲ್ಲಿ ಬಿದ್ದರೆ 8.2 ಲೀಟರಿನ ಎಂಜಿನ್ ಸರಾಗವಾಗಿ ಏಳುತ್ತದೆ, ಬೀಳದಿದ್ದರೆ ಮುಗ್ಗರಿಸುತ್ತದೆ. ಹೊಡೆತದ ಒಟ್ಟು ಪ್ರಮಾಣಕ್ಕಿಂತ ಅದರ ಆರಂಭವೇ ಮುಖ್ಯ ಎಂಬುದನ್ನು ಮರೆತು, ಬರೀ ದೊಡ್ಡ ಪಂಪ್ ಹಾಕಿದವರಿಗೆ ಮುಗ್ಗರಿಕೆಯ ಮೇಲೆ ಕಪ್ಪು ಹೊಗೆಯೂ ಸಿಗುತ್ತದೆ.

ಪಂಪ್ ಚೆನ್ನಾಗಿದ್ದೂ, ಪೆಡಲನ್ನು ಬಹಳ ಮೆಲ್ಲಗೆ ಒತ್ತಿದಾಗಲೂ ತಡವರಿಕೆ ಬಂದರೆ ನೋಟ ಥ್ರಾಟಲ್ ತಟ್ಟೆಯ ಅಂಚಿಗೆ ಹೋಗಬೇಕು. ಮೆಲ್ಲಗೆ ಒತ್ತಿದರೆ ಪಂಪಿನ ಪಾತ್ರ ಬಹಳ ಕಡಿಮೆ. ಆಗ ಪೆಟ್ರೋಲ್ ಒದಗಿಸಬೇಕಾದ್ದು ತಟ್ಟೆಯ ಅಂಚಿನ ಬಳಿ ಗೋಡೆಯಲ್ಲಿ ಕೊರೆದ ಒಂದು ಕಿರಿದಾದ ಸೀಳು. ಸ್ಲೋದಲ್ಲಿ ತಟ್ಟೆಯ ಕೆಳಗೆ ಆ ಸೀಳಿನ ತುಸುವೇ ಭಾಗ ತೆರೆದಿರಬೇಕು, ಕಾರ್ಬ್ಯುರೇಟರನ್ನು ಮಗುಚಿ ನೋಡಿದರೆ ಅದು ಪುಟ್ಟ ಚೌಕದಂತೆ ಕಾಣಬೇಕು. ತಟ್ಟೆ ತೆರೆಯುತ್ತಿದ್ದಂತೆ ಸೀಳಿನ ಉಳಿದ ಭಾಗ ನಿರ್ವಾತಕ್ಕೆ ಒಡ್ಡಿಕೊಂಡು, ಮುಖ್ಯ ನಳಿಗೆ ಎಚ್ಚರಗೊಳ್ಳುವವರೆಗೆ ಪೆಟ್ರೋಲ್ ಕೊಡುತ್ತದೆ. ಯಾರೋ ಟೈಮಿಂಗನ್ನು ಹಿಂದಕ್ಕಿಟ್ಟಿರುತ್ತಾರೆ, ಸ್ಲೋ ನಿಲ್ಲದಿದ್ದಾಗ ಸ್ಕ್ರೂ ತಿರುಗಿಸಿ ತಟ್ಟೆಯನ್ನು ಹೆಚ್ಚು ತೆರೆದಿರುತ್ತಾರೆ. ಆಗ ಸೀಳು ಪೂರ್ತಿ ಮೊದಲೇ ತೆರೆದುಕೊಂಡಿರುತ್ತದೆ. ತುಳಿದಾಗ ಕೊಡಲು ಅದರ ಬಳಿ ಹೆಚ್ಚಿನದೇನೂ ಉಳಿದಿರುವುದಿಲ್ಲ. ಕಾರ್ಬ್ಯುರೇಟರಿನ ಈ ದೋಷಕ್ಕೆ ಮದ್ದು ಡಿಸ್ಟ್ರಿಬ್ಯೂಟರಿನಲ್ಲಿದೆ. ಕಿಡಿಯನ್ನು ಸರಿಯಾದ ಜಾಗಕ್ಕೆ ತಂದರೆ ಸ್ಲೋ ತಾನಾಗಿ ಏರುತ್ತದೆ, ತಟ್ಟೆಯನ್ನು ಮುಚ್ಚಬಹುದು, ಸೀಳು ಮತ್ತೆ ಚೌಕವಾಗುತ್ತದೆ.

ಫ್ಲೋಟಿನ ಮಟ್ಟವೂ ಇಲ್ಲೇ ಸೇರಬೇಕಾದ ವಿಷಯ. ಮಟ್ಟ ಕೆಳಗಿದ್ದರೆ ಮುಖ್ಯ ನಳಿಗೆಯವರೆಗೆ ಪೆಟ್ರೋಲನ್ನು ಇನ್ನಷ್ಟು ಮೇಲೆತ್ತಬೇಕು, ಅದು ಅಷ್ಟೂ ತಡವಾಗಿ ಹೊರಡುತ್ತದೆ. ಕ್ವಾಡ್ರಾಜೆಟ್ಟಿನ ಫ್ಲೋಟನ್ನು ನೈಟ್ರೊಫಿಲ್ ಎಂಬ ನೊರೆಯಂಥ ಪದಾರ್ಥದಿಂದ ಮಾಡಿದ್ದಾರೆ. ಅದು ವರ್ಷಗಳ ಕಾಲ ಪೆಟ್ರೋಲ್ ಹೀರಿ ತೂಕ ಏರಿಸಿಕೊಂಡು ಮುಳುಗತೊಡಗಿದಾಗ ಮಟ್ಟ ಮೇಲೇರಿ, ಬಿಸಿ ಎಂಜಿನ್ನಿನಲ್ಲಿ ಮಿಶ್ರಣ ಗಾಢವಾಗಿ ಮಂಕು ಕವಿಯುತ್ತದೆ.

ಪೆಡಲನ್ನು ನೆಲ ಮುಟ್ಟಿಸಿದಾಗ ಮಾತ್ರ ಎಂಜಿನ್ ಕುಸಿಯುವುದಾದರೆ ಕಥೆ ಬೇರೆ. ಹಿಂದಿನ ಎರಡು ದೊಡ್ಡ ಬಾಯಿಗಳ ಕೆಳಗಿನ ತಟ್ಟೆಗಳು ಪೆಡಲಿನ ಜೊತೆ ತೆರೆಯುತ್ತವೆ, ಮೇಲೆ ಇನ್ನೊಂದು ಜೋಡಿ ಗಾಳಿಕವಾಟಗಳಿವೆ. ಇವನ್ನು ತೆರೆಯುವುದು ಗಾಳಿಯೇ, ಒಂದು ಸ್ಪ್ರಿಂಗು ಅವನ್ನು ಹಿಡಿದಿರುತ್ತದೆ, ನಿರ್ವಾತದ ಡಬ್ಬಿಯೊಂದು ಅವುಗಳ ಓಟವನ್ನು ನಿಧಾನಿಸುತ್ತದೆ. ಅವು ತೆರೆಯುವಾಗ ಅಂಚಿನ ಬಳಿ ಮೊದಲೇ ತುಂಬಿಟ್ಟ ಪುಟ್ಟ ಬಾವಿಗಳಿಂದ ಪೆಟ್ರೋಲ್ ಬರುತ್ತದೆ, ಪಂಪಿನ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಸ್ಪ್ರಿಂಗ್ ಸಡಿಲವಾದರೆ ಅಥವಾ ಡಬ್ಬಿಯ ಪರದೆ ಹರಿದರೆ ಕವಾಟಗಳು ಧಡಕ್ಕನೆ ತೆರೆದು, ಎರಡು ಭಾರಿ ಬಾಯಿಗಳಿಂದ ಬರೀ ಗಾಳಿ ಸುರಿಯುತ್ತದೆ. ಸ್ಪ್ರಿಂಗನ್ನು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಬಿಗಿ ಮಾಡಿ ಓಡಿಸಿ ನೋಡಬೇಕು, ಮತ್ತೆ ಅಷ್ಟೇ. ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ಶುರುವಿನಲ್ಲಿ ಚೆನ್ನಾಗಿ ಎಳೆದು ಕೆಲವು ಸೆಕೆಂಡುಗಳ ನಂತರ ಶಕ್ತಿ ಕುಂದಿದರೆ ಅದು ತಡವರಿಕೆಯಲ್ಲ; ಫ್ಯುಯೆಲ್ ಪಂಪು ಅಥವಾ ಫಿಲ್ಟರು ಹರಿವನ್ನು ತಡೆಯುತ್ತಿದೆ.

ತಣ್ಣನೆಯ ಎಂಜಿನ್ನಿನ ತಡವರಿಕೆಗೆ ಮ್ಯಾನಿಫೋಲ್ಡಿನ ಗೋಡೆಯೇ ಕಾರಣ. ತಣ್ಣಗಿನ ಲೋಹಕ್ಕೆ ತಾಗಿದ ಪೆಟ್ರೋಲ್ ಅಲ್ಲೇ ಉಳಿಯುತ್ತದೆ. ಇದಕ್ಕೆಂದೇ ಆ ಕಾಲದ ವಿ-8ಗಳಲ್ಲಿ ಬಿಸಿ ಹೊಗೆಯ ಒಂದು ಪಾಲನ್ನು ಕಾರ್ಬ್ಯುರೇಟರಿನ ಕೆಳಗಿನ ದಾರಿಯಲ್ಲಿ ಹಾಯಿಸುತ್ತಿದ್ದರು. ದಶಕಗಳ ಇದ್ದಿಲು ಕಟ್ಟಿ ಆ ದಾರಿ ಮುಚ್ಚಿದ ಎಂಜಿನ್ ಬಿಸಿಯಾಗುವವರೆಗೆ ಸರಿಹೋಗುವುದಿಲ್ಲ. ಇದೇ ಬಿಸಿ ಬೇಸಿಗೆಯಲ್ಲಿ ಶತ್ರುವಾಗುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಅದರ ಕಾವು ಮೇಲೇರಿ ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ಕುದಿಯುತ್ತದೆ. ಪೆಟ್ರೋಲಿನ ಹಗುರ ಅಂಶಗಳು ಕುದಿಯಲು 35ರಿಂದ 40 ಡಿಗ್ರಿ ಸಾಕು. ಹತ್ತು ನಿಮಿಷ ಬಿಟ್ಟು ಮತ್ತೆ ಹೊರಟಾಗ ಬಟ್ಟಲು ಅರೆಖಾಲಿ, ಮ್ಯಾನಿಫೋಲ್ಡಿನಲ್ಲಿ ಉಕ್ಕಿ ಸುರಿದ ಪೆಟ್ರೋಲ್. ಕಾರ್ಬ್ಯುರೇಟರಿನ ಕೆಳಗೆ ಬಿಸಿ ತಡೆಯುವ ದಪ್ಪ ಗ್ಯಾಸ್ಕೆಟ್ ಇಡುವುದು ಇದಕ್ಕೆ ಹಳೆಯ, ಫಲ ಕೊಡುವ ಉಪಾಯ.

ಇವತ್ತು ಇವೆಲ್ಲದರ ಮೇಲೆ ಎಥನಾಲ್ ಬಂದು ಕೂತಿದೆ. ಅಮೆರಿಕದಲ್ಲಿ ಬಹುತೇಕ ಪೆಟ್ರೋಲ್ ಶೇ 10ರಷ್ಟು ಎಥನಾಲ್ ಬೆರೆತದ್ದು. ನಮ್ಮಲ್ಲಿ ಶೇ 20ರ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. ಹಳೆಯ ಪಂಪಿನ ಬಟ್ಟಲುಗಳನ್ನು ಎಥನಾಲ್ ಉಬ್ಬಿಸುತ್ತದೆ, ಗಟ್ಟಿ ಮಾಡುತ್ತದೆ. ಎಥನಾಲ್ ತಾಳುವ ಹೊಸ ರಬ್ಬರಿನವು ಸಿಗುತ್ತವೆ, ಅವನ್ನೇ ಕೇಳಿ ತರಿಸಬೇಕು. ಇನ್ನೊಂದು ಪರಿಣಾಮ ರಸಾಯನದ್ದು. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಒಂದು ಪಾಲಿಗೆ 9 ಪಾಲು ಗಾಳಿ ಸಾಕು. ಅದೇ ಜೆಟ್ಟಿನಲ್ಲಿ ಇ20 ಹರಿಸಿದರೆ ಮಿಶ್ರಣ ಶೇ 7ರಷ್ಟು ತೆಳುವಾಗುತ್ತದೆ.

ಬೆಂಗಳೂರಿನ ಹಳೆಯ ಕಾರುಗಳ ರ‍್ಯಾಲಿಗಳಲ್ಲಿ ಅಮೆರಿಕದ ವಿ-8ಗಳೂ ಕಾಣಿಸಿಕೊಳ್ಳುತ್ತವೆ, ಆದ್ದರಿಂದ ಈ ಊರಿನ ಲೆಕ್ಕ ಹಾಕಿಯೇ ನೋಡಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ನಿರ್ವಾತದ ಗೇಜಿನ ಮುಳ್ಳು ಕೈಪಿಡಿ ಹೇಳಿದ್ದಕ್ಕಿಂತ ಮೂರು ಇಂಚು ಕೆಳಗೆ ನಿಂತರೆ ಅಲ್ಲಿ ದೋಷವೇನೂ ಇಲ್ಲ. ಗಾಳಿಯ ಸಾಂದ್ರತೆ ಶೇ 8-9ರಷ್ಟು ಇಳಿದಿರುತ್ತದೆ. ಕಾರ್ಬ್ಯುರೇಟರಿನಲ್ಲಿ ಮಿಶ್ರಣ ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ ಬದಲಾಗುವುದರಿಂದ ಅದು ಶೇ 4-5ರಷ್ಟು ಗಾಢವಾಗುತ್ತದೆ. ಎತ್ತರ ಗಾಢ ಮಾಡಿದ್ದನ್ನು ಇ20 ತೆಳು ಮಾಡುತ್ತದೆ. ಕಳೆದು ಉಳಿಯುವುದು ಶೇ 2-3ರಷ್ಟು ತೆಳುಮಿಶ್ರಣ. ಸಮವೇಗದ ಓಟದಲ್ಲಿ ಇದು ಗೊತ್ತಾಗುವುದು ಅಪರೂಪ. ತುಳಿದ ಮೊದಲ ಕ್ಷಣದಲ್ಲಿ ಗೊತ್ತಾಗುತ್ತದೆ, ಏಕೆಂದರೆ ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡೂವರೆ ಪಟ್ಟು ಶಾಖ ಬೇಡುತ್ತದೆ, ಗೋಡೆಯ ಪೊರೆ ಅಷ್ಟೂ ಹೊತ್ತು ಅಲ್ಲೇ ಉಳಿಯುತ್ತದೆ. ಹಾಗಾಗಿ ಇಲ್ಲಿ ಮುಖ್ಯ ಜೆಟ್ಟಿಗೆ ಕೈಹಾಕುವ ಮುನ್ನ ಪಂಪಿನ ಹೊಡೆತ ಹೆಚ್ಚಿಸಿ ನೋಡುವುದು ಸರಿಯಾದ ಹೆಜ್ಜೆ. ಹಲವು ಕ್ವಾಡ್ರಾಜೆಟ್ಟುಗಳ ಪಂಪ್ ಲಿವರಿನಲ್ಲಿ ಇದಕ್ಕೆಂದೇ ಎರಡು ತೂತುಗಳಿವೆ. ಕಡ್ಡಿಯನ್ನು ಲಿವರಿನ ತಿರುಗುಗೂಟಕ್ಕೆ ಹತ್ತಿರದ ತೂತಿಗೆ ಬದಲಿಸಿದರೆ ಪಿಸ್ಟನ್ನಿನ ಓಟ ಉದ್ದವಾಗುತ್ತದೆ. ಬದಲಿಸಿದ ಮೇಲೆ ಎಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು, ಎರಡೂ ಎಳೆಗಳು ಲಿವರ್ ಅಲುಗಿದೊಡನೆಯೇ ಚಿಮ್ಮುತ್ತಿವೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಬೇಕು.